ಸಾಹುಕಾರರ ಕಾರಿನ ಎಡಗಡೆ ಸೀಟು

ಸಾಹುಕಾರರ ಎರಡು ಕೈಗಳು ಒಂದೇ ಬಣ್ಣದವಾಗಿರಲಿಲ್ಲ. ಎಡಗೈ ಅವರ ಮನೆತನದ ಬಿಳುಪು. ಬಲಗೈ ಮಾತ್ರ ಮೊಣಕೈಯಿಂದ ಮಣಿಕಟ್ಟಿನವರೆಗೆ ಹುರಿದ ಕಾಫಿಬೀಜದ ಬಣ್ಣ. ಹುಡ್ ಮಡಚಿದ ಕಾರಿನ ತಗ್ಗು ಬಾಗಿಲ ಮೇಲೆ ಆ ಕೈಯೂರಿಕೊಂಡು ಜೀವಮಾನವಿಡೀ ಬಿಸಿಲಲ್ಲಿ ಓಡಾಡಿದ್ದರ ಫಲ ಅದು. ತುಂಬುತೋಳಿನ ಅಂಗಿ ಹಾಕಬಾರದೇ ಎಂದು ಯಾರಾದರೂ ಕೇಳಿದರೆ, "ಕಾರಿಗೆ ಹಿಡಿದ ಬಿಸಿಲು ನಂಗೂ ಸ್ವಲ್ಪ ಹಿಡೀಲಿ ಬಿಡಿ ಮಾರಾಯ್ರೆ" ಅನ್ನುತ್ತಿದ್ದರು.

ಬಣಕಲ್ ಹತ್ತಿರದ ಅವರ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ನಾನು ಬೆಳೆದದ್ದು. ಅಮ್ಮ ಕಾಫಿ ಕೊಯ್ಯುತ್ತಿದ್ದಳು. ನಾನು ಈಗ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಕೆಲಸದಲ್ಲಿದ್ದೇನೆ. ಓದಿಸಿದವರು ಸಾಹುಕಾರರೇ. ಆದರೆ ನಾನು ಬರೆಯಹೊರಟಿದ್ದು ಆ ಋಣದ ವಿಷಯವಲ್ಲ. ಅದನ್ನು ನಾಲ್ಕು ಜನರೆದುರು ಹೇಳಿಕೊಳ್ಳಲು ನನಗೆ ಯಾವತ್ತೂ ಕಷ್ಟವಾಗಿಲ್ಲ.

ಕಾರಿನ ವಿಷಯಕ್ಕೆ ಬರುತ್ತೇನೆ. ಎರಡೇ ಸೀಟಿನ, ಉದ್ದ ಮೂಗಿನ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಮೀಸೆ ಚಿಗುರುವ ವಯಸ್ಸಿನಲ್ಲಿ ಅಪ್ಪನನ್ನು ಕಾಡಿ ಬೇಡಿ ತರಿಸಿಕೊಂಡು, ಬೊಂಬಾಯಿ ಬಂದರಿನಿಂದ ತಾವೇ ಓಡಿಸಿಕೊಂಡು ಬಂದಿದ್ದರಂತೆ. ಅಲ್ಲಿಂದಾಚೆ ಅದು ಬೇರೆಯವರ ಕೈಗೆ ಹೋಗಲಿಲ್ಲ, ಇನ್ನೊಂದು ಬಣ್ಣವನ್ನೂ ಕಾಣಲಿಲ್ಲ. ಕಂಪನಿ ಬಳಿದ ಅಚ್ಚ ಹಸಿರು ಬಾಡಿದ ವೀಳ್ಯದೆಲೆಯಂತಾಗಿ, ಬಾನೆಟ್ಟಿನ ತುದಿಯಲ್ಲಿ ತಗಡು ಇಣುಕುತ್ತಿತ್ತು. ಎಂಜಿನ್ನಿನ ಸಾಮಾನು ಸವೆದರೆ ಬದಲಿಸುತ್ತಿದ್ದರೇ ಹೊರತು ಕಣ್ಣಿಗೆ ಕಾಣುವ ಯಾವುದನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಪಾಲಿಶ್ ಮಾಡಿಕೊಡುತ್ತೇನೆಂದು ಡಬ್ಬ ಹಿಡಿದು ಬಂದವನೊಬ್ಬನನ್ನು ಗೇಟಿನಿಂದಲೇ ಓಡಿಸಿದ್ದುಂಟು.

"ಒರಿಜಿನಲ್ಲು" ಎನ್ನುವ ಮಾತು ಅವರ ಬಾಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಬರುತ್ತಿತ್ತು. "ನನ್ ಹಲ್ಲು ಡೂಪ್ಲಿಕೇಟು, ಮಂಡಿ ಡೂಪ್ಲಿಕೇಟು. ಕಾರೊಂದು ಒರಿಜಿನಲ್ಲು ನೋಡಿ!" ಬಾಗಿಲಿನ ತಗ್ಗು ತೋರಿಸಿ, "ಇದು ವಸ್ತಾರೆ ಹತ್ರ ಎಮ್ಮೆ ಗುದ್ದಿದ್ದು. ಎಮ್ಮೆಗೆ ಎಂತದೂ ಆಗ್ಲಿಲ್ಲ, ಹಿಂದೆ ತಿರುಗಿ ಸಹ ನೋಡ್ಲಿಲ್ಲ" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು. ಒಂದೊಂದು ಗೀರಿಗೂ ಒಂದೊಂದು ಕಥೆ. ಬಂದವರು ಕೇಳಲಿ ಬಿಡಲಿ, ಪೂರ್ತಿ ಹೇಳದೆ ಕಾಫಿ ಕೊಡುತ್ತಿರಲಿಲ್ಲ.

ಆ ಒರಿಜಿನಲ್ಲಿನ ಲೆಕ್ಕದಲ್ಲಿ ನಾನೂ ಸೇರಿಹೋಗಿದ್ದೆ. ಯಾಕೆಂದರೆ ನಾನು ಹುಟ್ಟಿದ್ದು ಆ ಕಾರಿನಲ್ಲೇ.

ಕೊಯ್ಲಿನ ಕಾಲ, ನಡುಮಧ್ಯಾಹ್ನ. ಕಾಫಿಗಿಡದ ಬುಡದಲ್ಲೇ ಅಮ್ಮನಿಗೆ ನೋವು ಶುರುವಾಯಿತಂತೆ. ಎಸ್ಟೇಟಿನ ಜೀಪು ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೇರಿಕೊಂಡು ಚಿಕ್ಕಮಗಳೂರಿಗೆ ಹೋಗಿತ್ತು. ಸಾಹುಕಾರರು ಹಿಂದೆಮುಂದೆ ನೋಡದೆ ಅಮ್ಮನನ್ನು ತಮ್ಮ ಪಕ್ಕದ ಸೀಟಿನಲ್ಲಿ ಕೂರಿಸಿದರು. ಸೀಟಿನ ಹಿಂದಿನ ಸಂದಿಗೆ ನನ್ನ ಅಜ್ಜಿಯನ್ನು ತುರುಕಿ ಮೂಡಿಗೆರೆ ಆಸ್ಪತ್ರೆಗೆ ಹೊರಟರು. ಮೂಡಿಗೆರೆ ಮುಟ್ಟುವ ತನಕ ನಾನು ಕಾಯಲಿಲ್ಲ. ರಸ್ತೆ ಬದಿಯ ಹಲಸಿನ ಮರದಡಿ ನಿಲ್ಲಿಸಿದ ಕಾರಿನಲ್ಲೇ ಅಜ್ಜಿ ಹೆರಿಗೆ ಮಾಡಿಸುತ್ತಿದ್ದರೆ, ಸಾಹುಕಾರರು ಅತ್ತ ಮುಖ ಮಾಡಿ ನಿಂತು, ನಿಧಾನ ಮಾಡಿದ ಬಸ್ಸುಗಳಿಗೆಲ್ಲ ಹೋಗಿ ಹೋಗಿ ಎಂದು ಕೈ ಬೀಸುತ್ತಿದ್ದರಂತೆ.

ಅವತ್ತು ಮನೆಗೆ ಮರಳಿದಾಗ ಅವರ ತಾಯಿ ಬಾಗಿಲಲ್ಲೇ ತಡೆದರು. ಹೆರಿಗೆಯ ಮೈಲಿಗೆಯಾದ ಕಾರು ಶುದ್ಧಿಯಾಗದೆ ಪೋರ್ಟಿಕೋಗೆ ಬರಕೂಡದು ಎಂದರು. "ಹಂಗಾದ್ರೆ ನಾನೂ ಒಳಗೆ ಬರಲ್ಲ" ಎಂದು ಇವರು ಕಾರಿನಲ್ಲೇ ಕೂತು ಊಟ ತರಿಸಿಕೊಂಡರು. ತಾಯಿ ಸೋತರು. ಒದ್ದೆಬಟ್ಟೆಯಲ್ಲಿ ಎಷ್ಟು ಒರೆಸಿದರೂ ಆ ತಿಳಿಕಂದು ಚರ್ಮದ ಸೀಟಿನ ಮೇಲೆ ಅಂಗೈಯಗಲದ ಕಪ್ಪು ಕಲೆ ಉಳಿದೇಬಿಟ್ಟಿತು. ಸೀಟು ಬದಲಿಸಿ ಎಂದವರಿಗೆಲ್ಲ ಅವರದು ಒಂದೇ ಉತ್ತರ: "ಅದೂ ಒರಿಜಿನಲ್ಲು."

ಅಮ್ಮನಿಗೆ ಇದು ದೊಡ್ಡ ಹೆಮ್ಮೆ. "ಸಾಹುಕಾರ್ರ ಕಾರಲ್ಲಿ ಹುಟ್ಟಿದವ್ರು ಈ ಲೈನಲ್ಲಿ ಇನ್ಯಾರಿದಾರೆ ಹೇಳು ನೋಡಣ" ಅನ್ನುತ್ತಿದ್ದಳು. ನನಗೆ ಮಾತ್ರ ಬುದ್ಧಿ ತಿಳಿದಂದಿನಿಂದ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಶಾಲೆಯಲ್ಲಿ ನನ್ನ ಅಡ್ಡಹೆಸರು "ಸೀಟು". ದೂರದೂರದಿಂದ ಕಾರು ನೋಡಲು ಜನ ಬಂದಾಗಲೆಲ್ಲ ಸಾಹುಕಾರರು ಕಾಫಿ ಒಣಗಿಸುವ ಕಣದತ್ತ ತಿರುಗಿ, "ಬಾರೇ ಇಲ್ಲಿ!" ಎಂದು ಕೂಗುತ್ತಿದ್ದರು. ನಾನು ಹೋಗಿ ನಿಲ್ಲಬೇಕು. "ಇವಳೇ ಮಾರಾಯ್ರೆ, ಇಲ್ಲೇ ಹುಟ್ಟಿದ್ದು. ಇದಕ್ಕಿಂತ ಒರಿಜಿನಲ್ ಬೇಕಾ ನಿಮಗೆ?" ಬಂದ ಗಂಡಸರು ಬಗ್ಗಿ ಕಲೆ ನೋಡುತ್ತಿದ್ದರು, ಆಮೇಲೆ ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಆ ನೋಟಕ್ಕೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಸಾಹುಕಾರರ ಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೆ ಅದು ನನ್ನ ಅಮ್ಮನ ರಕ್ತ. ಅದನ್ನು ಅವರಿಗೆ ಹೇಳುವುದು ಹೇಗೆ? ನಮ್ಮ ಲೈನಿನಲ್ಲಿ ಅಂಥ ಮಾತನ್ನು ಸಾಹುಕಾರರ ಎದುರು ಆಡಿದವರೇ ಇರಲಿಲ್ಲ.

ನನ್ನನ್ನು ನೋಡಲು ವಸ್ತಾರೆಯಿಂದ ಗಂಡಿನವರು ಬಂದರು. ನಮ್ಮ ಮನೆಯಲ್ಲಿ ಅಷ್ಟು ಜನಕ್ಕೆ ಜಾಗವಿಲ್ಲವೆಂದು ಸಾಹುಕಾರರು ತಮ್ಮ ಜಗಲಿಯಲ್ಲೇ ಕಾಫಿ ತಿಂಡಿ ಮಾಡಿಸಿದ್ದರು. ಮಾತೆಲ್ಲ ಒಪ್ಪಿಗೆಯಾಗಿ ಗಂಡಿನವರು ಹೊರಡುವ ಹೊತ್ತಿಗೆ, ಸಾಹುಕಾರರಿಗೆ ಉತ್ಸಾಹ ತಡೆಯಲಾಗಲಿಲ್ಲ. ಎಲ್ಲರನ್ನೂ ಕಾರಿನ ಹತ್ತಿರ ಕರೆದುಕೊಂಡು ಬಂದರು. ಎಡಗಡೆಯ ಬಾಗಿಲು ತೆರೆದು, "ನೋಡಿ, ನಮ್ಮ ಹುಡುಗಿ ಎಲ್ಲಿ ಹುಟ್ಟಿದ್ದು ಅಂತ…" ಎಂದು ಶುರುಮಾಡಿದರು.

ನಾನು ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ನಾಲ್ಕು ಜನರ ನಡುವೆ ನುಗ್ಗಿ ಹೋಗಿ, ಜರಿಸೀರೆಯಲ್ಲೇ ಆ ಸೀಟಿನ ಮೇಲೆ ಕೂತುಬಿಟ್ಟೆ. ಕಲೆ ನನ್ನಡಿ ಮುಚ್ಚಿಹೋಯಿತು. ನನ್ನ ಅತ್ತೆಯಾಗುವವರು, "ಅಯ್ಯೋ, ಹುಡುಗಿಗೆ ಕಾರು ಹತ್ತೋ ಆತುರ ನೋಡಿ!" ಎಂದು ನಕ್ಕರು. ಎಲ್ಲರೂ ನಕ್ಕರು. ಸಾಹುಕಾರರು ನಗಲಿಲ್ಲ. ನನ್ನ ಮುಖ ನೋಡಿದರು. ನಾನು ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂತದ್ದನ್ನು ನೋಡಿದರು. ಅಷ್ಟು ವರ್ಷ ಯಾರೂ ಕೇಳದಿದ್ದರೂ ಹೇಳುತ್ತಿದ್ದ ಮನುಷ್ಯ ಆ ಮಾತನ್ನು ಅಲ್ಲಿಗೇ ನುಂಗಿದರು. "ಹೌದು, ಇವಳಿಗೆ ಕಾರು ಅಂದ್ರೆ ಜೀವ. ಅಷ್ಟೇ" ಎಂದು ಬಾಗಿಲು ಮೆಲ್ಲಗೆ ಮುಚ್ಚಿದರು.

ಮದುವೆಗೆ ಮೊದಲೇ ಕಾರು ಮೂಡಿಗೆರೆಯ ಕುಶನ್ ಅಂಗಡಿಗೆ ಹೋಗಿಬಂತು. ಎರಡು ಸೀಟಿಗೂ ಮಿರಿಮಿರಿ ಮಿಂಚುವ ಕೆಂಪು ರೆಕ್ಸಿನ್. ಆ ಮಾಸಿದ ಕಾರಿನೊಳಗೆ ಅದು ಎಷ್ಟು ಅಸಹ್ಯವಾಗಿ ಕಾಣುತ್ತಿತ್ತೆಂದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, "ಸಾಹುಕಾರ್ರಿಗೆ ವಯಸ್ಸಾಯ್ತು ಕಣ್ರೋ" ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದರು. ಯಾಕೆ ಹಾಕಿಸಿದ್ದೆಂದು ಸಾಹುಕಾರರು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಿತ್ತು, ನಾನೂ ಹೇಳಲಿಲ್ಲ.

ಮೂಡಿಗೆರೆಯ ಮದುವೆ ಛತ್ರಕ್ಕೆ ನನ್ನನ್ನು ಅವರೇ ಅದೇ ಕಾರಿನಲ್ಲಿ ಕರೆದುಕೊಂಡು ಹೋದರು. ಆ ಹಲಸಿನ ಮರ ದಾಟುವಾಗ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, "ಇಷ್ಟ್ ದಿನ ನಂಗೆ ಹೊಳೀಲೇ ಇಲ್ಲ ನೋಡು" ಎಂದರು.

"ಎಂತದು ಅಯ್ಯಾ?" ಎಂದೆ, ಏನೂ ತಿಳಿಯದವಳ ಹಾಗೆ.

"ಎಂತದಿಲ್ಲ ಬಿಡು" ಎಂದು ಗೇರ್ ಬದಲಿಸಿದರು. ಆ ದೊಡ್ಡ ಮನುಷ್ಯ ನನ್ನೆದುರು ತಲೆ ತಗ್ಗಿಸಲು ಬಂದಿದ್ದರು. ನಾನು ಅದಕ್ಕೂ ಜಾಗ ಕೊಡಲಿಲ್ಲ. ತಿಳಿದೂ ತಿಳಿಯದ ಹಾಗೆ ಮಾಡಿದ್ದು ಈಗಲೂ ಚುಚ್ಚುತ್ತದೆ.

ಆಮೇಲೆ ಕೆಲವು ವರ್ಷಗಳಿಗೆ ಚಿಕ್ಕಮಗಳೂರಿನಲ್ಲಿ ಹಳೆಯ ಕಾರುಗಳ ಪ್ರದರ್ಶನವಾಯಿತು. ಮೊದಲು ಕೊಂಡವರ ಕೈಯಲ್ಲೇ ಇದ್ದು, ಕಂಪನಿಯಿಂದ ಬಂದ ಹಾಗೇ ಉಳಿದ ಕಾರಿಗೆ ಒಂದು ವಿಶೇಷ ಬಹುಮಾನವಿತ್ತು. ಆ ಬಹುಮಾನ ಸಾಹುಕಾರರಿಗೆಂದೇ ಹುಟ್ಟಿದಂತಿತ್ತು. ಹೊಸ ಬಣ್ಣ ಬಳಿದು ಮದುವೆಗಂಡಿನ ಹಾಗೆ ನಿಂತ ಕಾರುಗಳ ನಡುವೆ ಇವರ ಬಾಡಿದ ಹಸಿರು ಕಾರು. ನಾನೂ ನನ್ನ ಗಂಡನೂ ಹೋಗಿದ್ದೆವು. ಪರೀಕ್ಷಕರು ಟಾರ್ಚು ಹಿಡಿದು ಎಲ್ಲ ಕಡೆ ಇಣುಕಿ, ತಲೆದೂಗಿ, ಕೊನೆಗೆ ಸೀಟಿನ ಹತ್ತಿರ ನಿಂತರು.

"ಎಲ್ಲ ಒರಿಜಿನಲ್ ಇದೆ ಸಾರ್, ಇದೊಂದು ಯಾಕೆ ಬದಲಿಸಿದ್ರಿ?"

ನಾನು ಎರಡು ಮಾರು ದೂರದಲ್ಲಿದ್ದೆ. ಸಾಹುಕಾರರು ನನ್ನ ಕಡೆ ನೋಡಲೇ ಇಲ್ಲ. ನೋಡಬಾರದೆಂದೇ ನೋಡಲಿಲ್ಲ.

"ಇಲಿ ಕಡಿದು ಹಾಕ್ತು ಸಾರ್" ಎಂದರು.

ಬಹುಮಾನ ಬೇರೆಯವರಿಗೆ ಹೋಯಿತು. ಹೊರಡುವಾಗ ಕಪ್ಪು ಬಲಗೈಯನ್ನು ಬಾಗಿಲ ಮೇಲಿಟ್ಟು ನನ್ನ ಗಂಡನಿಗೆ, "ಎಂತ ಮಾಡದು, ನಮ್ಮ ಇಲಿಗಳಿಗೆ ಒರಿಜಿನಲ್ಲಿನ ಬೆಲೆ ಗೊತ್ತಿಲ್ಲ" ಎಂದು ತಮಾಷೆ ಮಾಡಿ ಹೋದರು. ನನ್ನ ಗಂಡ ನಕ್ಕ. ಅವನಿಗೆ ಆಗಲೂ ನಾನು ಏನೂ ಹೇಳಿರಲಿಲ್ಲ.

ಹೋದ ಕೊಯ್ಲಿನಲ್ಲಿ ಸಾಹುಕಾರರು ತೀರಿಕೊಂಡರು. ಅಂಗಳದಲ್ಲಿ ಮಲಗಿಸಿದ್ದಾಗ ಯಾರೋ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು, ಕಪ್ಪಿನದು ಮೇಲೆ. ತಿಥಿ ಮುಗಿದ ಮೇಲೆ ಅವರ ಮಗಳು ನನ್ನನ್ನು ಕರೆದು ಗ್ಯಾರೇಜಿಗೆ ಕರೆದುಕೊಂಡು ಹೋದರು. ಎಡಗಡೆಯ ಸೀಟಿನ ರೆಕ್ಸಿನ್ ಹೊಲಿಗೆ ಬಿಟ್ಟುಕೊಂಡಿತ್ತು. ಅವರು ಆ ಸೀಳನ್ನು ಬೆರಳಿನಿಂದ ಅಗಲಿಸಿದರು. ಒಳಗೆ ಹಳೆಯ ಚರ್ಮ ಹಾಗೇ ಇತ್ತು. ಕಲೆಯೂ ಇತ್ತು.

"ಹಳೇದನ್ನ ಕೀಳದು ಬೇಡ, ಅದರ ಮೇಲೇ ಹೊಲಿ ಅಂದಿದ್ರಂತೆ ಅಪ್ಪ" ಎಂದರು. "ನಂಗೆ ಗೊತ್ತಾಗಿದ್ದೇ ಆ ಪ್ರದರ್ಶನ ಮುಗಿದ್ಮೇಲೆ. ಹಂಗಾದ್ರೆ ಒಂದು ಹೊಲಿಗೆ ಬಿಚ್ಚಿ ತೋರ್ಸಿದ್ರೆ ಬಹುಮಾನ ಬರ್ತಿತ್ತಲ್ಲ, ಯಾಕಪ್ಪ ಸುಳ್ಳು ಹೇಳಿದ್ರಿ ಅಂತ ಬೈದೆ. ಅದಕ್ಕೆ ಏನಂದ್ರು ಗೊತ್ತನ? 'ಅದು ನಮ್ದಲ್ಲ ಕಣೇ, ಆ ಹುಡುಗೀದು. ಕೀಳಕೂ ನಮಗೆ ಹಕ್ಕಿಲ್ಲ, ತೋರ್ಸಕೂ ಇಲ್ಲ. ಇಷ್ಟು ವರ್ಷ ತೋರ್ಸಿದ್ದಕ್ಕೇ ನಂಗೆ ನಾಚಿಕೆ ಆಗುತ್ತೆ' ಅಂದ್ರು."

ನಾನು ಸೀಳಿನೊಳಗೆ ಕೈ ಹಾಕಿ ಆ ಕಲೆಯನ್ನು ಮುಟ್ಟಿದೆ. ಹುಟ್ಟಿದಂದಿನಿಂದ ಜೊತೆಗಿದ್ದದ್ದನ್ನು ಬೇಕೆಂದು ಕೈಯಾರೆ ಮುಟ್ಟಿದ್ದು ಅದೇ ಮೊದಲು. ಸುತ್ತಲಿನ ಚರ್ಮಕ್ಕಿಂತ ಬೇರೆಯಾಗಿಯೇನೂ ಇರಲಿಲ್ಲ.

"ರೆಕ್ಸಿನ್ ಮತ್ತೆ ಹೊಲಿಸಲಾ, ಬಿಚ್ಚಿಸಲಾ? ನೀನೇ ಹೇಳು" ಎಂದರು ಅವರು.

"ಬಿಚ್ಚಿಸಿ ಅಕ್ಕ" ಎಂದೆ. "ಒರಿಜಿನಲ್ಲೇ ಇರಲಿ."

ಹೇಳಿದೆನೇನೋ ನಿಜ. ಆದರೆ ಆ ಮಾತು ಕೇಳಬೇಕಾಗಿದ್ದವರು ಒಬ್ಬರೇ ಒಬ್ಬರು. ಅವರು ಕಿವಿಗೊಟ್ಟು ಕಾಯುತ್ತಿದ್ದಾಗ, ಹಲಸಿನ ಮರದ ಹತ್ತಿರ, ನಾನು "ಎಂತದು ಅಯ್ಯಾ" ಅಂದುಬಿಟ್ಟಿದ್ದೆ.