ತಾರಸಿಯ ಮೇಲಿನ ಕಟಕಟೆ

ಆಗ ನಾಗರಬಾವಿಯ ನಮ್ಮ ಬೀದಿಯಲ್ಲಿ ಸಂಜೆ ಏಳೂವರೆಗೆ ಎಲ್ಲ ಮನೆಗಳಲ್ಲೂ ಒಬ್ಬಳೇ ಹೆಂಗಸು ಅಳುತ್ತಿದ್ದಳು. ಕೆಲವರದು ಕೇಬಲ್, ಕೆಲವರದು ಡಿಶ್. ಹಾಗಾಗಿ ಅವಳ ಅಳು ಒಂದು ಕಿಟಕಿಯಿಂದ ಮೊದಲು, ಇನ್ನೊಂದು ಕಿಟಕಿಯಿಂದ ಒಂದೆರಡು ಕ್ಷಣ ತಡವಾಗಿ ಕೇಳುತ್ತಿತ್ತು. ಅತ್ತೆಯ ಪಾಯಸಕ್ಕೆ ವಿಷ ಬೆರೆಸಿದಳೆಂಬ ಆರೋಪ ಹೊತ್ತು ಕಟಕಟೆ ಹತ್ತಿದ್ದ ಸೊಸೆ ಅವಳು. ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದಳು, ದಿನಕ್ಕೊಂದು ಸೀರೆಯಲ್ಲಿ. ನನ್ನ ಅಮ್ಮ ಸಾರಿಗೆ ಒಗ್ಗರಣೆ ಹಾಕದೆ ಜಾಹೀರಾತಿಗಾಗಿ ಕಾಯುತ್ತಿದ್ದಳು. ಜಾಹೀರಾತು ಬಂದದ್ದೇ ತಡ, ನಮ್ಮ ಕಟ್ಟಡದ ಮೂರು ಮಹಡಿಗಳಲ್ಲೂ ಸಾಸಿವೆ ಸಿಡಿದು ಮೆಟ್ಟಿಲ ತುಂಬ ಇಂಗಿನ ವಾಸನೆ ಇಳಿಯುತ್ತಿತ್ತು.

ಭಾನುವಾರ ಟೀವಿಯಲ್ಲಿ ಒಬ್ಬ ಲಾಯರು ಬರುತ್ತಿದ್ದ. ಅವನದು ಹಾಸ್ಯ ಧಾರಾವಾಹಿ. ಫೈಲಿನ ಬದಲು ಹೆಂಡತಿಯ ಲಾಂಡ್ರಿ ಚೀಟಿ ತೆಗೆದು ಓದುತ್ತಿದ್ದ, ತನ್ನ ಕಕ್ಷಿದಾರನಿಗೇ ಶಿಕ್ಷೆ ಕೊಡಿ ಎಂದು ವಾದಿಸುತ್ತಿದ್ದ. ನಮ್ಮ ತಾರಸಿಯ ಕೋರ್ಟು ಶುರುವಾದದ್ದು ಅವನನ್ನು ನೋಡಿ ಅನ್ನಿಸುತ್ತದೆ. ಅನ್ನಿಸುತ್ತದೆ ಅಷ್ಟೇ. ಆ ಬೇಸಿಗೆಯ ಬಗ್ಗೆ ಖಚಿತವಾಗಿ ಏನಾದರೂ ಹೇಳಿದೆನೆಂದರೆ ನನಗೇ ಅನುಮಾನ ಬರುತ್ತದೆ.

ಮೊದಮೊದಲು ಕೇಸುಗಳೂ ಅವನ ಥರದವೇ. ಕಿರಣ ಲಗೋರಿಯಲ್ಲಿ ಮೋಸ ಮಾಡಿದನೇ? ಶ್ವೇತಾಳ ಜಾಮಿಟ್ರಿ ಬಾಕ್ಸಿನ ಮೇಲೆ ಕೂತವರು ಯಾರು? ಶ್ವೇತಾ ಓನರ್ ಆಂಟಿಯ ಮಗಳು, ಹದಿಮೂರು ವರ್ಷದವಳು, ಹಾಗಾಗಿ ಅವಳೇ ಜಡ್ಜು. ಅವಳ ಕೈಯಲ್ಲಿ ಲಟ್ಟಣಿಗೆ. ನೀರಿನ ಟ್ಯಾಂಕಿನ ಕಟ್ಟೆಗೆ ಬಡಿದರೆ ಒಳಗಿನ ನೀರು ಗುಂಯ್ ಎನ್ನುತ್ತಿತ್ತು. ಕೆಳಮನೆಯ ಕಿರಣ ಸರ್ಕಾರಿ ವಕೀಲ. ಆರೋಪಿಯ ಪರ ವಕೀಲೆ ನಾನು. ತಾರಸಿಯ ರೂಮಿನಲ್ಲಿ ಬಾಡಿಗೆಗಿದ್ದ ಲಾ ಕಾಲೇಜಿನ ಅಕ್ಕ ಒಗೆದು ತಂತಿಗೆ ಹಾಕುತ್ತಿದ್ದ ಕರಿ ಕೋಟನ್ನು ನಾನೂ ಕಿರಣನೂ ಸರದಿಯ ಮೇಲೆ ತೊಡುತ್ತಿದ್ದೆವು. ನನಗದು ಮೊಣಕಾಲು ಮುಟ್ಟುತ್ತಿತ್ತು. ಸೋತವರಿಗೆ ಹತ್ತು ಬಸ್ಕಿ. ಆಮೇಲೆ ಎಲ್ಲರೂ ಸೇರಿ ಕಡ್ಲೆಪುರಿಗೆ ಈರುಳ್ಳಿ, ಮಾವಿನಕಾಯಿ ಹೆಚ್ಚಿಹಾಕಿ ತಿನ್ನುತ್ತಿದ್ದೆವು.

ನಮ್ಮ ಮಹಡಿಯಲ್ಲೇ ಎದುರು ಮನೆಯ ರಶ್ಮಿ ನನ್ನ ಕ್ಲಾಸಿನವಳು. ಅವಳಮ್ಮ ದಾವಣಗೆರೆ ಕಡೆಯವರು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ತಂಗಿ ಚಿನ್ನಿಗೆ ಆರು ವರ್ಷ. ಅಪ್ಪ ಬಳ್ಳಾರಿಯಲ್ಲಿ ಕೆಲಸದಲ್ಲಿದ್ದಾರೆ, ಹಬ್ಬಕ್ಕೆ ಬರುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಎರಡು ಹಬ್ಬ ಬಂದು ಹೋಗಿದ್ದರೂ ಅವರು ಬಂದದ್ದನ್ನು ಯಾರೂ ನೋಡಿರಲಿಲ್ಲ.

ಒಂದು ಭಾನುವಾರ ಶ್ವೇತಾ ಲಟ್ಟಣಿಗೆ ಬಡಿದಾಗ ರಶ್ಮಿ ನಕ್ಕುಬಿಟ್ಟಳು.

“ನಿಜವಾದ ಜಡ್ಜು ಸುತ್ತಿಗೆ ಹೊಡೆಯಲ್ಲ ಕಣ್ರೇ. ಅಲ್ಲಿ ಯಾರೂ ಕಿರ್ಚೋದೂ ಇಲ್ಲ. ಲಾಯರು ಮೆತ್ತಗೆ ಏನೋ ಅಂತಾರೆ, ಜಡ್ಜು ಬರ್ಕೋತಾರೆ, ಇನ್ನೊಂದು ಡೇಟ್ ಕೊಡ್ತಾರೆ. ಅಷ್ಟೇ. ಫ್ಯಾನ್ ಸದ್ದೇ ಜಾಸ್ತಿ ಕೇಳ್ಸತ್ತೆ.”

“ಓಹೋ, ಹೈಕೋರ್ಟ್ ಲಾಯರಮ್ಮ! ನೀನೇನು ಹೋಗಿ ನೋಡ್ಕೊಂಡ್ ಬಂದ್ಯಾ?” ಎಂದ ಕಿರಣ.

ಎಲ್ಲರೂ ನಕ್ಕರು. ರಶ್ಮಿ ನಗುವುದನ್ನು ನಿಲ್ಲಿಸಿದ್ದಳು. ಅದನ್ನು ಗಮನಿಸಿದವಳು ನಾನೊಬ್ಬಳೇ ಎಂದು ಆಗ ನನಗೆ ಹೆಮ್ಮೆಯಾಯಿತು. ಸಂಜೆ ಮೆಟ್ಟಿಲ ಮೇಲೆ ಕೂತು ಬಿಡದೆ ಕೇಳಿದೆ. ಅವಳು ಬಾಯಿಯನ್ನು ನನ್ನ ಕಿವಿಗೆ ಹತ್ತಿಸಿ ಹೇಳಿದಳು. ಅಪ್ಪ ಬಳ್ಳಾರಿಯಲ್ಲಿಲ್ಲ, ಇಲ್ಲೇ ಕೆಂಗೇರಿಯಲ್ಲಿದ್ದಾರೆ. ಅವರ ಜೊತೆ ಇರುವುದಿಲ್ಲವೆಂದು ಅಮ್ಮ ಕೇಸು ಹಾಕಿದ್ದಾಳೆ. ಡೇಟ್ ಇದ್ದ ದಿನ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾಳೆ.

“ಓನರ್ ಆಂಟಿಗೆ ಗೊತ್ತಾದ್ರೆ ಮನೆ ಬಿಡಿಸ್ತಾರೆ ಕಣೇ. ಮುಂಚೆ ಎರಡು ಕಡೆ ನಿಜ ಹೇಳಿದ್ವಿ, ಮನೆ ಕೊಡ್ಲೇ ಇಲ್ಲ. ಯಾರಿಗೂ ಹೇಳ್ಬೇಡ.”

“ದೇವರಾಣೆ” ಎಂದೆ.

ನಮ್ಮ ಗೇಟಿಗೆ ತೂಗುಹಾಕುತ್ತಿದ್ದ ಬೋರ್ಡಿನಲ್ಲಿ ‘ಮನೆ ಬಾಡಿಗೆಗೆ ಇದೆ, ಫ್ಯಾಮಿಲಿಗೆ ಮಾತ್ರ’ ಎಂದು ಬರೆದಿರುತ್ತಿತ್ತು. ಆಂಟಿಯ ಲೆಕ್ಕದಲ್ಲಿ ಗಂಡಸಿಲ್ಲದ ಮನೆ ಫ್ಯಾಮಿಲಿಯಲ್ಲ. ಈಗಲೂ ನಮ್ಮ ಕಡೆಯ ಎಷ್ಟೋ ಗೇಟುಗಳಲ್ಲಿ ಆ ಬೋರ್ಡು ತೂಗುತ್ತದೆ.

ಅದಾದ ಎರಡು ವಾರಕ್ಕೋ ಮೂರು ವಾರಕ್ಕೋ, ಒಂದು ಗುರುವಾರ ತಾರಸಿಯ ಟ್ಯಾಂಕಿನ ವಾಲ್ವ್ ತೆರೆದುಕೊಂಡು ನೀರೆಲ್ಲ ಮೋರಿ ಸೇರಿತು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ. ಇಡೀ ಕಟ್ಟಡ ಕೊಡ ಹಿಡಿದುಕೊಂಡು ಪಕ್ಕದ ಬೀದಿಗೆ ಹೋಯಿತು. ಶಾಲೆಯ ಹೊತ್ತಿನಲ್ಲಿ ಆದದ್ದು. ದೊಡ್ಡ ಮಕ್ಕಳಲ್ಲಿ ಆ ದಿನ ಶಾಲೆಗೆ ಬಾರದಿದ್ದವಳು ರಶ್ಮಿ ಒಬ್ಬಳೇ, ಜ್ವರ ಎಂದು. ಆಂಟಿ ಮೆಟ್ಟಿಲಲ್ಲಿ ನಿಂತು ಎಲ್ಲ ಬಾಗಿಲುಗಳಿಗೂ ಕೇಳುವಂತೆ ಹೇಳಿದರು:

“ಮಕ್ಕಳನ್ನ ಹದ್ದುಬಸ್ತಲ್ಲಿ ಇಟ್ಕೊಳಕ್ಕಾಗ್ದಿದ್ರೆ ಬೇರೆ ಮನೆ ನೋಡ್ಕೊಳ್ಳಿ. ಯಾರ್ ಮಾಡಿದ್ದು ಅಂತ ಗೊತ್ತಾಗ್ಲಿ, ಆಮೇಲೆ ನಾನು ಸುಮ್ನಿರಲ್ಲ.”

ರಶ್ಮಿಯ ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಆಂಟಿಯ ಚಪ್ಪಲಿ ಕೆಳಗಿಳಿದ ಮೇಲೆ ಮತ್ತೆ ಶುರುವಾಯಿತು.

ಆ ಭಾನುವಾರ ಶ್ವೇತಾ ಹಳೇ ಕೇಸುಗಳನ್ನು ಬದಿಗಿಟ್ಟು ವಾಲ್ವ್ ಕೇಸನ್ನೇ ಕೈಗೆತ್ತಿಕೊಂಡಳು. “ತೀರ್ಪು ಏನ್ ಬರತ್ತೋ ಅದನ್ನ ಅಮ್ಮಂಗೆ ಹೇಳ್ತೀನಿ” ಎಂದಳು. ಆ ಕ್ಷಣದಿಂದ ಅದು ಆಟವಾಗಿರಲಿಲ್ಲ. ಮನೆಯಲ್ಲಿ ಕೂತು ಹೊಲಿಯುತ್ತಿದ್ದ ಹೆಂಗಸಿಗೆ ತನ್ನ ಮನೆಯ ವಿಚಾರಣೆ ಮೇಲೆ ನಡೆಯುತ್ತಿದೆ ಎಂದು ತಿಳಿದಿರಲಿಲ್ಲ.

ಬೆನ್ನಿಗೆ ಬೆನ್ನು ಹಚ್ಚಿದ ಎರಡು ಪ್ಲಾಸ್ಟಿಕ್ ಕುರ್ಚಿಗಳ ಹಿಂದೆ ರಶ್ಮಿಯನ್ನು ನಿಲ್ಲಿಸಿದೆವು. ಭಗವದ್ಗೀತೆಯ ಬದಲು ಸಮಾಜ ವಿಜ್ಞಾನದ ಪುಸ್ತಕ. ಬಿಸಿಲಿಗೆ ಕಾದ ಸಿಮೆಂಟು ಅಂಗಾಲು ಸುಡುತ್ತಿತ್ತು. ರಶ್ಮಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

ಕಿರಣ ಕೋಟು ತೊಟ್ಟಿದ್ದ. ಧಾರಾವಾಹಿಯ ವಕೀಲನ ಹಾಗೆ ಬೆನ್ನು ಹಾಕಿ ನಿಂತು ತಟ್ಟನೆ ತಿರುಗಿದ.

“ಗುರುವಾರ ಬೆಳಗ್ಗೆ ಎಲ್ಲಿದ್ರಿ?”

“ಮನೇಲಿ. ಜ್ವರ ಬಂದಿತ್ತು, ಮಲ್ಗಿದ್ದೆ.”

“ಹನ್ನೊಂದು ಗಂಟೆಗೆ ನಮ್ಮಜ್ಜಿ ಕರಿಬೇವು ಕೇಳೋಕೆ ಬಂದು ಬಾಗಿಲು ತಟ್ಟಿದ್ರು. ಯಾಕೆ ತೆಗೀಲಿಲ್ಲ?”

ರಶ್ಮಿ ಕುರ್ಚಿಯ ಅಂಚು ಹಿಡಿದುಕೊಂಡಳು.

“ಬಾಗಿಲಿಗೆ ಬೀಗ ಇತ್ತಂತೆ! ಬೀಗ ಹಾಕ್ಕೊಂಡು ಒಳಗೆ ಮಲ್ಗಿದ್ರಾ, ಇಲ್ಲ ತಾರಸಿ ಮೇಲೆ ವಾಲ್ವ್ ತಿರುಗಿಸ್ತಾ ಇದ್ರಾ?”

“ಸುಳ್ಳಿ!” ಎಂದು ಯಾರೋ ಕೂಗಿದರು. ಲಟ್ಟಣಿಗೆ ಬಿತ್ತು. ಖಾಲಿಯಾಗಿ ಆಮೇಲೆ ಅರ್ಧ ತುಂಬಿದ್ದ ಟ್ಯಾಂಕು ಬೇರೆಯೇ ದನಿಯಲ್ಲಿ ಗುಡುಗಿತು. ರಶ್ಮಿ ನನ್ನನ್ನು ನೋಡಿ ತಲೆಯನ್ನು ಬಹಳ ಸಣ್ಣಗೆ ಅಲ್ಲಾಡಿಸಿದಳು. ಬೇಡ ಎಂದು. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ, ಆದರೆ ನೋಡಿದೆ.

ಕೋಟು ನನ್ನ ಕೈಗೆ ಬಂತು. ಕಿರಣನ ಬೆವರಿಗೆ ಕಾಲರು ಒದ್ದೆಯಾಗಿತ್ತು. ಧಾರಾವಾಹಿಯಲ್ಲಿ ಇಂಥ ಹೊತ್ತಿಗೆ ಆಗುವುದು ಒಂದೇ. ಎಲ್ಲ ಮುಗಿಯಿತು ಅನ್ನುವಾಗ ವಕೀಲರು ‘ನನ್ನ ಹತ್ತಿರ ಇನ್ನೊಬ್ಬ ಸಾಕ್ಷಿ ಇದ್ದಾರೆ’ ಎನ್ನುತ್ತಾರೆ. ಬಾಗಿಲು ತೆರೆಯುತ್ತದೆ. ಒಂದೊಂದು ಮುಖವನ್ನೂ ಮೂರು ಸಲ ತೋರಿಸುತ್ತಾರೆ. ಸತ್ಯ ಹೊರಬಿದ್ದ ಮೇಲೆ ಯಾರಿಗೂ ಏನೂ ಕೆಟ್ಟದ್ದಾಗುವುದಿಲ್ಲ, ಕೆಟ್ಟವರಿಗೆ ಬಿಟ್ಟು.

“ಯುವರ್ ಆನರ್, ನನ್ನ ಹತ್ರ ಇನ್ನೊಬ್ಬ ಸಾಕ್ಷಿ ಇದಾರೆ. ಚಿನ್ನಿ.”

ಮೂಲೆಯಲ್ಲಿ ಕಡ್ಲೆಪುರಿ ಆರಿಸಿ ತಿನ್ನುತ್ತಿದ್ದ ಚಿನ್ನಿ ಓಡಿಬಂದಳು. ಅವಳಿಗೆ ಅಲ್ಲಿಯವರೆಗೆ ಯಾರೂ ಪಾತ್ರ ಕೊಟ್ಟಿರಲಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತಳು.

“ಗುರುವಾರ ಬೆಳಗ್ಗೆ ನೀನೂ ಅಕ್ಕಾನೂ ಎಲ್ಲಿದ್ರಿ, ಹೇಳು ಪುಟ್ಟಿ.”

“ಸುಮಾ, ಬೇಡ” ಎಂದಳು ರಶ್ಮಿ. ಈ ಸಲ ಬಾಯಿ ಬಿಟ್ಟು.

“ಅಮ್ಮ ಹೇಳ್ಬೇಡ ಅಂದಿದಾಳೆ” ಎಂದಳು ಚಿನ್ನಿ.

“ಕೋರ್ಟಲ್ಲಿ ಸತ್ಯ ಹೇಳ್ಬೇಕು. ಇಲ್ಲಾಂದ್ರೆ ಪಾಪ ಬರತ್ತೆ.”

“ಇದು ಆಟದ ಕೋರ್ಟು” ಎಂದಳು ಚಿನ್ನಿ ನನ್ನನ್ನೇ ತಿದ್ದುತ್ತ. “ನಿಜದ್ ಕೋರ್ಟಿಗೆ ಹೋಗಿದ್ವಲ್ಲ, ಅವತ್ತು ಅಪ್ಪ ಬಂದಿದ್ರು. ನಂಗೆ ಕಡ್ಲೆಮಿಠಾಯಿ ಕೊಡ್ಸಿದ್ರು. ಅಮ್ಮ ಬಿಸಾಕು ಅಂದ್ಲು. ನಾನು ಬಿಸಾಕ್ಲಿಲ್ಲ.”

“ಪಾಯಿಂಟ್ ನೋಟ್ ಮಾಡ್ಕೊಳ್ಳಿ!” ನಾನು ಕೂಗಿದೆ. ಕೂಗಿದೆ, ಇದರಲ್ಲಿ ಅನುಮಾನವಿಲ್ಲ. “ನನ್ನ ಕಕ್ಷಿದಾರರು ಅವತ್ತು ಮನೇಲೇ ಇರ್ಲಿಲ್ಲ! ನಿರಪರಾಧಿ!”

ಚಪ್ಪಾಳೆ ಬರಲಿಲ್ಲ. ಶ್ವೇತಾ ಲಟ್ಟಣಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು, “ಕೋರ್ಟಿಗಾ? ಯಾಕೆ? ನಿಮ್ಮಪ್ಪ ಬಳ್ಳಾರೀಲಿ ಇದಾರಲ್ವಾ?”

ಮೆಟ್ಟಿಲ ಬಾಗಿಲಲ್ಲಿ ಓನರ್ ಆಂಟಿ ಒಗೆದ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದರು.

ಈ ಕತೆಯನ್ನು ನಾನು ಹೇಳುವಾಗಲೆಲ್ಲ ಆಂಟಿ ಇಲ್ಲಿ, ಕೊನೆಯಲ್ಲಿ ಬರುತ್ತಾರೆ. ಕೇಳಿದವರು ಅಯ್ಯೋ ಎನ್ನುತ್ತಾರೆ, ಮಕ್ಕಳಿಗೇನು ಗೊತ್ತಾಗತ್ತೆ ಎಂದು ಸಮಾಧಾನ ಹೇಳುತ್ತಾರೆ. ಆದರೆ ಬಿಳಿ ಬಟ್ಟೆಗೆ ಹಾಕುವ ನೀಲಿಯ ವಾಸನೆಯೊಂದಿದೆಯಲ್ಲ, ಅದು ನನ್ನ ನೆನಪಿನಲ್ಲಿ ತಪ್ಪು ಜಾಗದಲ್ಲಿದೆ. ಕೋಟಿಗೆ ಕೈ ತೂರಿಸುವಾಗಲೇ ಅದು ನನ್ನ ಮೂಗಿಗೆ ಬಂದಿತ್ತು. ಹಾಗಾದರೆ ಆಂಟಿ ಬಂದಾಗಿತ್ತು. ಹಾಗಾದರೆ ಅವರು ಬಂದರೆಂದೇ ನಾನು ಚಿನ್ನಿಯನ್ನು ಕರೆದೆ. ದೊಡ್ಡವರೊಬ್ಬರು ನೋಡುತ್ತಿದ್ದರೆ ಗೆಲುವು ಗೆಲುವಿನ ಹಾಗಿರುತ್ತದೆ. ಅಷ್ಟೇ ಅಲ್ಲ. ರಶ್ಮಿ ವಾಲ್ವ್ ಮುಟ್ಟಲಿಲ್ಲ ಎಂದು ತೋರಿಸಬೇಕಾದದ್ದು ಆಂಟಿಗೇ ತಾನೇ ಎಂದೂ ಯೋಚಿಸಿದ್ದಿರಬಹುದು. ಎರಡರಲ್ಲಿ ಯಾವುದು ಮೊದಲು ಬಂತೋ ಹೇಳಲಾರೆ.

ಆಂಟಿ ಕಿರುಚಲಿಲ್ಲ. ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ತಂತಿಗೆ ಹಾಕಿ, ಕ್ಲಿಪ್ ಸಿಕ್ಕಿಸಿ, ಖಾಲಿ ಬಕೆಟ್ ಹಿಡಿದು ಇಳಿದರು. ನಾವು ಮಕ್ಕಳೆಲ್ಲ ಮೆಟ್ಟಿಲ ತಿರುವಿನಲ್ಲಿ ನಿಂತು ಕೇಳಿಸಿಕೊಂಡೆವು.

“ಸುಳ್ಳು ಹೇಳಿ ಮನೆ ಹಿಡಿದ್ರಾ? ಆ ಮನುಷ್ಯ ನಾಳೆ ಇಲ್ಲಿಗೇ ಬಂದು ಗಲಾಟೆ ಮಾಡಿದ್ರೆ ಯಾರ್ ನೋಡ್ಕೋತಾರೆ? ನಂಗೂ ಹೆಣ್ಣು ಮಗಳಿದಾಳೆ.”

“ನಿಜ ಹೇಳಿದ್ರೆ ಕೊಡ್ತಿದ್ರೇನ್ರಿ?” ರಶ್ಮಿಯ ಅಮ್ಮನ ದನಿ.

ಖಾಲಿ ಬಕೆಟ್ಟಿನ ಹಿಡಿ ಕಿರುಗುಟ್ಟಿತು. “ತಿಂಗಳು ಮುಗಿಯೋವರೆಗೂ ಇರಿ” ಎಂದರು ಆಂಟಿ. ಅದೂ ಮೆತ್ತಗೇ.

“ಇರ್ಲಿ ಬಿಡ್ರಿ. ಹುಡುಗ್ರಿಗೆ ಬೈಬೇಡ್ರಿ” ಎಂದರು ರಶ್ಮಿಯ ಅಮ್ಮ.

ವಾಲ್ವನ್ನು ಯಾರೂ ತೆರೆದಿರಲಿಲ್ಲ, ತುಕ್ಕು ಹಿಡಿದು ತಾನೇ ಬಿಟ್ಟುಕೊಂಡಿತ್ತೆಂದು ಪ್ಲಂಬರ್ ಬಂದು ಹೇಳಿದನೆಂದು ನನಗೆ ನೆನಪು. ಆ ವರ್ಷ ಯಾವ ಪ್ಲಂಬರೂ ಬರಲಿಲ್ಲ ಎನ್ನುತ್ತಾಳೆ ಅಮ್ಮ. ಅವನನ್ನು ನೆನಪಿನೊಳಗೆ ನಾನೇ ಕರೆಸಿಕೊಂಡಿದ್ದಿರಬೇಕು.

ಉಳಿದ ದಿನಗಳಲ್ಲಿ ರಶ್ಮಿ ನನ್ನ ಜೊತೆ ಮಾತು ಬಿಡಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು. ಹೋಂವರ್ಕ್ ಕೇಳಿದರೆ ಹೇಳುತ್ತಿದ್ದಳು, ರಬ್ಬರ್ ಕೇಳಿದರೆ ಕೊಡುತ್ತಿದ್ದಳು. ಅವರ ಸಾಮಾನು ಒಂದು ಲಗೇಜ್ ಆಟೋದಲ್ಲಿ ಹಿಡಿಸಿಬಿಟ್ಟಿತು. ಅನ್ನಪೂರ್ಣೇಶ್ವರಿ ನಗರದ ಆಚೆ ಎಲ್ಲೋ ಒಂದೇ ಕೋಣೆಯ ಮನೆ ಸಿಕ್ಕಿದೆ ಎಂದು ಅಮ್ಮ ಹೇಳಿದಳು. ರಶ್ಮಿ ಆಟೋದಲ್ಲಿ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಚಿನ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ನಾನು ಗೇಟಿನ ಹತ್ತಿರ ಹೋಗಿ, ಎಷ್ಟೋ ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಹೇಳಿದೆ.

“ನಿನ್ನ ಉಳಿಸ್ಬೇಕು ಅಂತಾನೇ ಮಾಡಿದ್ದು ಕಣೇ.”

“ಗೊತ್ತು” ಎಂದಳು. “ಬೈಸ್ಕೊಂಡು ಸುಮ್ನಿರ್ತಿದ್ದೆ. ವಾಲ್ವ್ ನಾನೇ ತೆಗೆದೆ ಅಂತ ಒಪ್ಕೊಂಡು, ಆಂಟಿ ಕಾಲಿಗೆ ಬೀಳೋಣ ಅಂದ್ಕೊಂಡಿದ್ದೆ. ನೀನು ಒಂದ್ ಮಾತು ನನ್ನ ಕೇಳ್ಬಹುದಿತ್ತು.”

ಆಟೋ ಹೊರಟಿತು. ಚಿನ್ನಿ ಮಾತ್ರ ಟಾಟಾ ಮಾಡಿದಳು.

ಆ ಬೀದಿ ಈಗ ಗುರುತು ಸಿಗದಷ್ಟು ಎದ್ದು ನಿಂತಿದೆ, ತಾರಸಿಗಳ ಮೇಲೆ ತಾರಸಿ. ಅದಕ್ಕಾಗಿ ನನಗೇನೂ ವ್ಯಥೆಯಿಲ್ಲ. ಕಳೆದುಹೋದದ್ದು ಬೇರೆ. ಹನ್ನೊಂದನೇ ವಯಸ್ಸಿನವರೆಗೆ, ಯಾರಾದರೂ ಹತ್ತಿರ ಕೂತು ಮನಸ್ಸು ಬಿಚ್ಚಬಹುದಾದವಳು ನಾನಾಗಿದ್ದೆ. ಆಮೇಲೆ ಜನ ನನಗೆ ಸುದ್ದಿ ಹೇಳಿದ್ದಾರೆ, ಸಲಹೆ ಕೇಳಿದ್ದಾರೆ. ಗುಟ್ಟನ್ನು ಮಾತ್ರ ನಾನು ಹತ್ತಿರ ಬಿಟ್ಟುಕೊಂಡಿಲ್ಲ.

ಹೋದ ತಿಂಗಳು ಉಲ್ಲಾಳದ ಬಸ್ಸಿನಲ್ಲಿ ಆಫೀಸಿನ ಗೆಳತಿಯೊಬ್ಬಳು ಪಕ್ಕದಲ್ಲಿ ಕೂತಿದ್ದಳು. ದಿನವೆಲ್ಲ ಕಣ್ಣು ಕೆಂಪಾಗಿತ್ತು ಅವಳಿಗೆ. ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಬಿಡುತ್ತ, ಕೊನೆಗೆ ನನ್ನ ಕಡೆ ಬಾಗಿದಳು.

“ಸುಮಾ, ಒಂದ್ ವಿಷ್ಯ ಹೇಳ್ಬೇಕು. ಮನೇಲಿ ಯಾರಿಗೂ...”

“ನನ್ನ ಸ್ಟಾಪ್ ಬಂತು” ಎಂದು ಎದ್ದುಬಿಟ್ಟೆ.

ಬಂದಿರಲಿಲ್ಲ. ಇಳಿದು ನಿಂತು ನೋಡಿದರೆ ಕಿಟಕಿಯಲ್ಲಿ ಅವಳ ಬಾಯಿ ಇನ್ನೂ ಅರ್ಧ ತೆರೆದೇ ಇತ್ತು. ಬಸ್ಸು ಹೋಯಿತು. ಎರಡು ಸ್ಟಾಪಿನಷ್ಟು ದೂರ, ಬಸ್ಸು ಹೋದ ದಾರಿಯಲ್ಲೇ ನಡೆದೆ.