ಇಳಕಲ್ಲಿನಲ್ಲಿ ಸಿಕ್ಕ ಕೊನೆಯ ಪ್ಯಾರಾಗಳು

ಇಳಕಲ್ಲಿಗೆ ಬಂದ ಮರುದಿನ ಬೆಳಿಗ್ಗೆ, ನಾನಿನ್ನೂ ಚಾಪೆ ಸುತ್ತಿಡುವ ಮೊದಲೇ, ಮನೆಯ ಒಡತಿ ಗೌರವ್ವ ಒಳಗೆ ಬಂದು ಗೋಡೆಗೊರಗಿ ಕೂತರು. ಚಹಾ ಆಯಿತೇ ಎಂದರು. ಮಳವಳ್ಳಿಯಲ್ಲಿ ಮಳೆ ಹೇಗಿದೆ, ತಾಯಿಗೆ ಮಂಡಿನೋವು ಇದೆಯೇ, ನಲವತ್ತಮೂರಾದರೂ ಮದುವೆ ಯಾಕಾಗಿಲ್ಲ, ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುವುದು ನಿಜವೇ, ಎಲ್ಲವನ್ನೂ ವಿಚಾರಿಸಿದರು. ಮುಕ್ಕಾಲು ಗಂಟೆ ಕಳೆದ ಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ಹೊಸ್ತಿಲ ಬಳಿ ನಿಂತು ಹೇಳಿದರು: "ಅಂದಂಗ, ನಿಮ್ಮ ತಲಿ ಮ್ಯಾಲಿನ ಮಾಡದಾಗ ಚೇಳು ಕುಂತೈತಿ ನೋಡ್ರಿ. ನಾ ಬಂದಾಗಿಂದ ಅಲ್ಲೇ ಐತಿ."

ಮಾಡ ಎಂದರೆ ಗೋಡೆಗೂಡು. ನನ್ನ ತಲೆಗೂ ಅದಕ್ಕೂ ಒಂದು ಗೇಣು. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ಮಗ್ಗ ನಿಂತುಹೋಯಿತು. ಗೌರವ್ವ ಸಾವಕಾಶವಾಗಿ ಕಸಬರಿಗೆ ತಂದು ಚೇಳನ್ನು ಸಾಗಹಾಕಿದರು. ಮೊದಲೇ ಹೇಳಬಾರದಿತ್ತೇ ಎಂದರೆ ಅವರಿಗೇ ನನ್ನ ಮೇಲೆ ಬೇಸರ. "ಬಂದ ಕೂಡ್ಲೇ ಅಂಥಾ ಮಾತು ಆಡ್ತಾರೇನ್ರಿ?"

ಮಳವಳ್ಳಿಯವಳು ಅಲ್ಲಿಗೆ ಯಾಕೆ ಹೋದೆ ಎಂದು ಊರಿನಲ್ಲಿ ನೀವೆಲ್ಲ ಕೇಳುತ್ತಿದ್ದೀರಿ. ಬೆಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಹನ್ನೊಂದು ವರ್ಷ ಬಾಗಲಕೋಟೆ ಜಿಲ್ಲೆಯ ಪುಟ ಮಾಡಿದೆ. ಜಿಲ್ಲೆಯನ್ನು ಮಾತ್ರ ಕಣ್ಣಾರೆ ಕಂಡವಳಲ್ಲ. ಬಾದಾಮಿಯ ಗುಹೆಗಳೂ ನನಗೆ ಫೋಟೊದಲ್ಲೇ ಪರಿಚಯ. ಒಂದು ಮಂಗಳವಾರ ನಮ್ಮನ್ನೆಲ್ಲ ಕಂಪ್ಯೂಟರ್ ಪರದೆಯ ಮುಂದೆ ಕೂರಿಸಿ, ಎಂದೂ ಕಂಡಿರದ ಅಧಿಕಾರಿಯೊಬ್ಬರು "ಪುನಾರಚನೆ" ಎಂಬ ಪದ ಬಳಸಿದರು. ಜಿಲ್ಲಾ ಪುಟಗಳು ನಿಂತವು, ಅವುಗಳ ಜೊತೆ ನಾವೂ. ಸಂಜೆಗೆ ಎಲ್ಲರಿಗೂ ಒಂದೇ ಒಕ್ಕಣೆಯ ಪತ್ರ ಬಂತು: ವೈಯಕ್ತಿಕ ಕಾರಣಗಳಿಂದ, ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ. ಅದಕ್ಕೆ ಸಹಿ ಹಾಕಿದವರಿಗೆ ಮಾತ್ರ ಸೇವಾ ಪ್ರಮಾಣಪತ್ರ.

ಹೆಚ್ಚಿನವರು ಹಾಕಿದರು. ಅವರನ್ನು ನಾನು ದೂರುವುದಿಲ್ಲ. ಮಕ್ಕಳ ಶಾಲೆ, ಮನೆ ಬಾಡಿಗೆ ಯಾರ ಸ್ವಾಭಿಮಾನವನ್ನೂ ಕೇಳುವುದಿಲ್ಲ. ಪುಟ ವಿನ್ಯಾಸ ಮಾಡುತ್ತಿದ್ದ ಗೆಳೆಯನೊಬ್ಬ ಮೂರು ತಿಂಗಳು ಬುತ್ತಿ ಕಟ್ಟಿಸಿಕೊಂಡು ಹೊರಟು, ಪಾರ್ಕಿನಲ್ಲಿ ಕೂತು ಉಂಡು, ಸಂಜೆ ಮನೆಗೆ ಹೋಗುತ್ತಿದ್ದ. ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲವಂತೆ. ಬೇರೆಯವರ ಕಾರ್ಖಾನೆ ಮುಚ್ಚಿದರೆ ಮುಖಪುಟದಲ್ಲಿ ಹಾಕುತ್ತಿದ್ದವರು ನಾವು. ನಮ್ಮದು ಹೋದಾಗ ನಮ್ಮ ಪತ್ರಿಕೆಯಲ್ಲೇ ಎರಡು ಸಾಲೂ ಬರಲಿಲ್ಲ. ಇಷ್ಟು ವರ್ಷ ಪುಟದಲ್ಲಿ ಸುಳ್ಳು ನುಸುಳದಂತೆ ಕಾದವಳು ನನ್ನ ಬಗ್ಗೆಯೇ ಒಂದು ಸುಳ್ಳಿಗೆ ಸಹಿ ಹಾಕಬೇಕೆಂದರೆ ಮೈ ಉರಿಯಿತು. ಪತ್ರವನ್ನು ಮಡಚಿ ಬ್ಯಾಗಿನಲ್ಲಿಟ್ಟೆ.

ಆಗ ಫೋನು ಮಾಡಿದವರು ಸಂಗಣ್ಣ. ಹುನಗುಂದ, ಇಳಕಲ್ಲು ಮತ್ತು ಸುತ್ತಲ ಊರುಗಳಿಂದ ನನ್ನ ಪುಟಕ್ಕೆ ಸುದ್ದಿ ಕಳಿಸುತ್ತಿದ್ದವರು. ಅವರಿಗೆ ಪತ್ರವೂ ಬಂದಿರಲಿಲ್ಲ. "ನಮ್ಮನ್ನ ತಗದು ಹಾಕಾಕ ಮೊದಲ ಇಟ್ಕೊಂಡಿದ್ದರಲ್ಲೇನ್ರಿ!" ಎಂದು ನಕ್ಕರು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆ ತರಬೇಕೆಂದಿದ್ದರು. "ಹನ್ನೊಂದು ವರ್ಷ ಫೋನಿನಾಗ ಬೈಸಿಕೊಂಡೇನ್ರಿ ಮೇಡಂ. ಒಮ್ಮೆ ಬಂದು ಎದುರಿಗೆ ಕುಂತು ಬೈರಿ." ಎರಡು ವಾರಕ್ಕೆಂದು ಬಂದೆ. ಈಗ ಒಂದೂವರೆ ವರ್ಷ.

ಒಬ್ಬಂಟಿ ಹೆಂಗಸಿಗೆ ಬೆಂಗಳೂರಿನಲ್ಲಿ ಮನೆ ಕೊಡುವಾಗ ಮೂರು ಗುರುತಿನ ಚೀಟಿ ಕೇಳಿದ್ದರು. ಗೌರವ್ವ ಕೇಳಿದ್ದು ಒಂದೇ, ಮಗ್ಗದ ಸಪ್ಪಳಕ್ಕೆ ನಿದ್ದೆ ಬರುತ್ತದೆಯೇ ಎಂದು. ನಮ್ಮ ಕಡೆ ಮುದ್ದೆ ಗಂಟಲಲ್ಲಿ ಜಾರಿಹೋಗುತ್ತದೆ. ಇಲ್ಲಿಯ ಜೋಳದ ರೊಟ್ಟಿಗೆ ದವಡೆ ದುಡಿಯಬೇಕು. ಮೊದಲ ತಿಂಗಳು ನಾನು ಬಡಿದ ರೊಟ್ಟಿಗಳು ಕರ್ನಾಟಕದ ನಕಾಶೆಯಂತಿದ್ದವು. ಒಂದು ದಿನ ದುಂಡಗೆ ಬಂದಾಗ ಗೌರವ್ವ ಅದನ್ನು ಓಣಿಗೆಲ್ಲ ತೋರಿಸಿ ಬಂದರು. ಮಾತು ಮಾತ್ರ ಸುಲಭಕ್ಕೆ ಸರಿಹೋಗಲಿಲ್ಲ. ತರಕಾರಿಯವಳು, "ನೀವು ಬದನಿಕಾಯಿ ಕೇಳಿದ್ರೂ ರೇಡಿಯೋದಾಗ ವಾರ್ತಾ ಓದಿದಂಗ ಆಕ್ಕೈತ್ರಿ" ಎಂದಳು. ಕೆಲವು ಸಂಜೆ ನಮ್ಮ ಕಡೆಯ "ಏನವ್ವ" ಕೇಳಲು ಕಿವಿ ಹಾತೊರೆಯುತ್ತಿತ್ತು. ಆಗ ಬಸ್ ನಿಲ್ದಾಣಕ್ಕೆ ಹೋಗಿ ಬೆಂಗಳೂರು ಬಸ್ಸಿಗೆ ಕಾಯುವವರ ಪಕ್ಕ ಸುಮ್ಮನೆ ಕೂತು ಬರುತ್ತಿದ್ದೆ.

ಸಂಗಣ್ಣನ ಮನೆಯಲ್ಲಿ ಒಂದು ಟ್ರಂಕು ಇತ್ತು. ಪತ್ರಿಕೆಯ ಮೊದಲ ಸಂಚಿಕೆಯ ತಯಾರಿಯಲ್ಲಿ ಅದನ್ನು ತೆರೆದೆವು. ಹನ್ನೊಂದು ವರ್ಷದ ಅವರ ವರದಿಗಳ ಕತ್ತರಿಕೆಗಳು. ಪ್ರತಿಯೊಂದರ ಕೆಳಗೂ ಅವರ ಕೈಬರಹದಲ್ಲಿ ಒಂದೆರಡು ಸಾಲು. ಒಂದು ಊರಿಗೆ ನೀರಿನ ಟ್ಯಾಂಕು ಬಂತು, ಗಣ್ಯರು ಉದ್ಘಾಟಿಸಿದರು ಎಂದು ನಾನು ಅಚ್ಚು ಹಾಕಿಸಿದ ಸುದ್ದಿ. ಕೆಳಗೆ ಕೈಬರಹ: "ಟ್ಯಾಂಕಿಗೆ ಇನ್ನೂ ಪೈಪು ಜೋಡಿಸಿಲ್ಲ." ಇನ್ನೊಂದರಲ್ಲಿ ಶಾಲೆಗೆ ಹೊಸ ಕಟ್ಟಡ. ಕೆಳಗೆ: "ಬಸ್ಸು ನಿಲ್ಲಿಸದ ಕಾರಣ ಹುಡುಗಿಯರು ಶಾಲೆ ಬಿಟ್ಟಿದ್ದಾರೆ."

ಅವು ನಾನು ಕತ್ತರಿಸಿದ ಪ್ಯಾರಾಗಳು. ಮುಖ್ಯವಾದದ್ದು ಮೊದಲು ಇರುತ್ತದೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು. ಡೆಸ್ಕಿನಲ್ಲಿ ಮೊದಲ ದಿನ ಕಲಿಸುವ ಪಾಠ ಇದು. ಸಂಗಣ್ಣ ಬರೆಯುತ್ತಿದ್ದುದೋ ಈ ಸೀಮೆಯವರು ಮಾತಾಡುವ ಹಾಗೆ. ಕ್ಷೇಮ, ಮಳೆ, ಬಂದವರು ಹೋದವರು ಎಲ್ಲ ಆಗಿ, ಹೊಸ್ತಿಲಿಗೆ ಬಂದ ಮೇಲೆ ಚೇಳು. ಹನ್ನೊಂದು ವರ್ಷ ನಾನು ಚೇಳನ್ನಷ್ಟೇ ಕತ್ತರಿಸಿ ಎಸೆದಿದ್ದೆ. ನಾಚಿಕೆಯಿಂದ ನನಗೆ ಟ್ರಂಕಿನ ಮುಚ್ಚಳ ಹಾಕಲೂ ಕೈ ಬರಲಿಲ್ಲ.

"ಒಂದು ಸಲ ಹೇಳಬಾರದಿತ್ತೇ ಸಂಗಣ್ಣ?"

"ಹೇಳೇನ್ರಿ. ಕಡೀಕ ಹೇಳೇನಿ. ಅಷ್ಟೊತ್ತಿಗೆ ನೀವು ಫೋನ ಇಟ್ಟಿರ್ತಿದ್ರಿ."

ಆ ಟ್ರಂಕಿನಿಂದಲೇ ನಮ್ಮ ಪತ್ರಿಕೆ ಶುರುವಾಯಿತು. ಹಳೆಯ ಸುದ್ದಿಯ ಊರುಗಳಿಗೆ ಇಬ್ಬರೂ ಹೋದೆವು. ಶಿರೂರಿನ ಹೊಲಗಳ ನಡುವೆ, ಪಟ್ಟದಕಲ್ಲಿನ ಅಂಗಡಿಗಳ ಮುಂದೆ, ಜನ ಎದ್ದು ಹೊರಡುವವರೆಗೂ ನಾನು ನೋಟ್‌ಬುಕ್ ಮುಚ್ಚಲಿಲ್ಲ. ಟ್ಯಾಂಕಿನ ಪೈಪಿನ ಸುದ್ದಿ ಈ ಸಲ ಮುಖಪುಟದಲ್ಲಿ ಬಂತು. ಬಾಗಲಕೋಟೆಯ ಮುದ್ರಣಾಲಯವೊಂದು ಮದುವೆ ಕಾರ್ಡುಗಳ ನಡುವೆ ಬಿಡುವಾದಾಗ ನಮ್ಮದನ್ನು ಅಚ್ಚು ಹಾಕುತ್ತದೆ. ಗೌರವ್ವನೂ ನೇಯುವವರೇ. ಮಗ್ಗದಲ್ಲಿ ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುವಾಗ ಗೌರವ್ವನಿಗೆ ಇನ್ನೊಬ್ಬರ ಕೈ ಬೇಕು. ಆ ಕೈ ಈಗ ನನ್ನದು. ಕೆಲಸ ಮುಗಿದ ಮೇಲೆ ಪತ್ರಿಕೆ ಓದಿ ಹೇಳುತ್ತೇನೆ.

ಹೋದ ತಿಂಗಳು ಬೆಂಗಳೂರಿನ ಒಂದು ದೊಡ್ಡ ಕಂಪನಿ ನನ್ನನ್ನು ಕರೆಯಿತು. ಒಳ್ಳೆಯ ಕೆಲಸ, ಮಳವಳ್ಳಿಗೆ ಹತ್ತಿರ. ಹಳೆಯ ಪತ್ರಿಕೆಯ ಸೇವಾ ಪ್ರಮಾಣಪತ್ರವೊಂದು ಬೇಕು, ಅಷ್ಟೆ. ಹಳೆಯ ಕಚೇರಿಯನ್ನು ಕೇಳಿದರೆ, ಮೊದಲು ಆ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿ ನಾಲ್ಕು ದಿನದೊಳಗೆ ಕಳಿಸಿ ಎಂದರು. "ಒಂದು ಗೀಚು ಗೀಚಿಬಿಟ್ಟು ಬಾ ಕಣವ್ವ, ಯಾರು ನೋಡ್ತಾರೆ?" ಎಂದು ಅವ್ವ ಫೋನಿನಲ್ಲಿ ಅತ್ತರು. ಮೂರು ದಿನ ಪತ್ರ ಬಿಡಿಸುವುದು, ಮಡಚುವುದು ನಡೆಯಿತು. ಸುಳ್ಳು ಹೇಳಲಾರೆ, ಆಸೆ ಆಯಿತು.

ನಾಲ್ಕನೆಯ ದಿನ ಹಳೆಯ ಪತ್ರಿಕೆಯ ಕಚೇರಿಯಿಂದ ಹುಡುಗಿಯೊಬ್ಬಳು ಫೋನು ಮಾಡಿದಳು. "ಇವತ್ತೇ ಕೊನೆ ದಿನ ಮೇಡಂ, ಸಹಿ ಮಾಡಿ ಕಳಿಸಿಬಿಡಿ." ನಾನು ಊಟ ಆಯಿತೇ ಎಂದು ಕೇಳಿದೆ. ಯಾವ ಊರು ಎಂದೆ. ತುಮಕೂರಂತೆ. ತಂದೆಗೆ ಹುಷಾರಿಲ್ಲವಂತೆ, ತಮ್ಮ ಇನ್ನೂ ಓದುತ್ತಿದ್ದಾನಂತೆ. ಅರ್ಧ ಗಂಟೆ ಮಾತಾಡಿದೆವು. ಕೊನೆಗೆ ಅವಳೇ ದನಿ ತಗ್ಗಿಸಿದಳು. "ಮುಂದಿನ ತಿಂಗಳು ನಮ್ಮ ವಿಭಾಗನೂ ಕಡಿಮೆ ಮಾಡ್ತಾರಂತೆ ಮೇಡಂ." ನನ್ನೊಳಗಿನ ತಕ್ಕಡಿ ಅಲ್ಲಿಗೆ ನಿಂತಿತು. ಎದ್ದು ನಿಂತೆ, ಸೆರಗು ಸರಿಮಾಡಿಕೊಂಡೆ.

"ಅಂದಂಗ, ನಾನು ಸಹಿ ಹಾಕೋದಿಲ್ಲಮ್ಮ. ಆ ಪತ್ರ ನಿನಗೆ ಬಂದರೆ ನೀನೂ ಹಾಕಬೇಡ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಗೌರವ್ವ, "ಈಗ ಬರೋಬ್ಬರಿ ಮಾತಾಡಿದ್ರಿ ನೋಡ್ರಿ" ಎಂದರು.

ಊರಿಗೆ ಬಂದಾಗ ನನ್ನ ಮಾತಿನ ಕೊನೆಯ "ರಿ" ಕೇಳಿ ನೀವು ನಗುತ್ತೀರಿ. ಇಲ್ಲಿ ನಾನಿನ್ನೂ ಮೈಸೂರು ಕಡೆಯ ಮೇಡಂ. ಮಳವಳ್ಳಿಯಲ್ಲಿ ರೊಟ್ಟಿ ನೆನಪಾಗುತ್ತದೆ, ಇಳಕಲ್ಲಿನಲ್ಲಿ ಅವ್ವನ ಮುದ್ದೆ. ಎರಡೂ ಊರು ನನ್ನವು, ಎರಡರಲ್ಲೂ ನಾನು ಅರ್ಧ ಅತಿಥಿ.

ಇದನ್ನು ಅಚ್ಚಿಗೆ ಸಿದ್ಧಪಡಿಸುವ ಡೆಸ್ಕಿನವರಲ್ಲಿ ಒಂದು ವಿನಂತಿ. ಜಾಗ ಸಾಲದಿದ್ದರೆ ಮೇಲಿನಿಂದ ಕತ್ತರಿಸಿ. ಗೋಡೆಗೂಡಿನ ಚೇಳು ಹೋದರೂ ಚಿಂತೆಯಿಲ್ಲ, ಈ ಸಾಲು ಉಳಿಯಲಿ: ನಾನು ರಾಜೀನಾಮೆ ಕೊಟ್ಟಿಲ್ಲ, ನನ್ನನ್ನು ತೆಗೆದುಹಾಕಿದರು.