ಕಾಳಿ ನದಿಯ ನಡುವೆ ನಿಂತ ಮೋಟಾರು

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನೂ ನಮ್ಮ ಅತ್ತೆಯೂ ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೊರಟೆವು. ನಮ್ಮ ಬಳಿ ಇದ್ದದ್ದು ರೊಟ್ಟಿಯ ಗಂಟು ಮತ್ತು ನನ್ನ ಗಂಡನ ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಲು ಕಂಡಕ್ಟರು ಕೈ ಚಾಚಿದರೆ ಅತ್ತೆ ಕೊಡಲಿಲ್ಲ.

"ನನ್ನ ಮಗನ ಪೆಟಿಗಿರಿ ಇದು. ಮ್ಯಾಲ ಹಾಕೂದಾದ್ರ ನನ್ನ ಹಾಕ್ರಿ, ಗಾಳಿ ಛಲೋ ಬರತೈತಿ."

ಕಂಡಕ್ಟರು ನಕ್ಕು, ಸೀಟಿನ ಕೆಳಗೆ ಜಾಗ ಮಾಡಿಕೊಟ್ಟ.

ನನ್ನ ಗಂಡ ಹಿಟ್ಟಿನ ಗಿರಣಿ, ನೀರಿನ ಪಂಪುಗಳ ಎಂಜಿನ್ನು ರಿಪೇರಿ ಮಾಡುತ್ತಿದ್ದರು. ಮನೆಯ ಮುಂಭಾಗವೇ ಅಂಗಡಿ. ಹನ್ನೊಂದು ವರ್ಷ ನಾನು ಅವರಿಗೆ ಪಾನಾ ಎತ್ತಿಕೊಟ್ಟೆ, ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಶ್ರಾವಣದಲ್ಲಿ ಕಾರವಾರದ ಕಡೆಯ ತುಕಾರಾಮ ಎಂಬ ದೋಣಿಯವನು ತನ್ನ ಹಳೆಯ ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿ ತಂದ. ದೋಣಿಯ ಹಿಂಬದಿಗೆ ಸಿಕ್ಕಿಸಿ ಓಡಿಸುವಂಥದ್ದು. ನಮ್ಮ ಓಣಿಯವರೆಲ್ಲ ಬಂದು ನೋಡಿದರು. ನನ್ನ ಗಂಡ ಒಂದು ವಾರ ಕೂತು ಅದನ್ನು ಸರಿಮಾಡಿ, ನೀರಿನ ಪೀಪಾಯಿಯಲ್ಲಿ ಇಳಿಸಿ ಓಡಿಸಿ ತೋರಿಸಿ ಕಳಿಸಿದರು. ಅದೇ ಅವರ ಕೊನೆಯ ಕೆಲಸ. ಭಾದ್ರಪದದಲ್ಲಿ ಜ್ವರ ಬಂದು ಎಂಟೇ ದಿನದಲ್ಲಿ ತೀರಿಕೊಂಡರು.

ದೀಪಾವಳಿ ಮುಗಿದ ಮೇಲೆ ತುಕಾರಾಮನ ಕಾಗದ ಬಂತು. ಸುದ್ದಿ ತಿಳಿಯದೆ ಅವರ ಹೆಸರಿಗೇ ಬರೆದಿದ್ದ. ಮೋಟಾರು ನಡುನೀರಿನಲ್ಲಿ ನಿಲ್ಲುತ್ತದೆ, ಜನ ದೋಣಿ ಹತ್ತಲು ಅಂಜುತ್ತಾರೆ, ಹುಬ್ಬಳ್ಳಿ ಮಿಸ್ತ್ರಿಯ ಕೆಲಸ ಕಚ್ಚಾ ಎಂದು ಆಡಿಕೊಳ್ಳುತ್ತಾರೆ ಎಂದು ಅದರಲ್ಲಿತ್ತು. ನಾನು ಓದಿ ಹೇಳಿದ ದಿನ ಅತ್ತೆ ಊಟ ಮಾಡಲಿಲ್ಲ. ಮರುದಿನ, "ಖರೇನೋ ಸುಳ್ಳೋ ನೋಡಿ ಬರೂಣು ನಡಿ," ಎಂದರು.

"ನೋಡಾವ್ರು ಯಾರ್ರೀ ಅತ್ತಿ?"

"ನೀನ. ಹನ್ನೊಂದು ವರ್ಷ ಅವಂಗ ಬರೇ ಚಾ ಕೊಟ್ಟೀಯೇನು?"

ಕಂಡಕ್ಟರು ನೂರು ಮೈಲಿ ಎಂದ; ದಾರಿಯ ಹೊಸ ಕಲ್ಲುಗಳು ಕಿಲೋಮೀಟರು ತೋರಿಸುತ್ತಿದ್ದವು. ಕಲಘಟಗಿ ದಾಟಿದ ಮೇಲೆ ಕಾಡು ಶುರುವಾಯಿತು. ಯಲ್ಲಾಪುರದಲ್ಲಿ ಚಹಾ ಕುಡಿದೆವು. ಅರಬೈಲ್ ಘಟ್ಟದ ತಿರುವುಗಳಲ್ಲಿ ಅತ್ತೆ ಕಣ್ಣು ಮುಚ್ಚಿ, ಕಾಲುಗಳಿಂದ ಪೆಟ್ಟಿಗೆಯನ್ನು ಒತ್ತಿ ಹಿಡಿದು ಕೂತರು. ಅಂಕೋಲೆಯಲ್ಲಿ ಸೆಕೆ. ಮಧ್ಯಾಹ್ನ ಮೂರಕ್ಕೆ ಕಾರವಾರ ಮುಟ್ಟಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಕಾಳಿ ಹೊಳೆಯ ದಂಡೆಯ ತುಕಾರಾಮನ ಮನೆಗೆ ಹೋದೆವು.

ಸುದ್ದಿ ಕೇಳಿ ಅವನು ತಲೆಯ ವಸ್ತ್ರ ತೆಗೆದ. "ಗೊತ್ತಿದ್ದರೆ ಆ ಕಾಗದ ಬರೆಯುತ್ತಿರಲಿಲ್ಲ, ಬಾಯಿ," ಎಂದ, ಆ ಕಡೆಯವರು ಹೆಂಗಸರನ್ನು ಕರೆಯುವಂತೆ.

"ನೀವು ಬರೆದದ್ದು ಛಲೋ ಆತು," ಎಂದರು ಅತ್ತೆ.

ನಾವು ಮೀನು ತಿನ್ನುವವರಲ್ಲ ಎಂದು ಅವನ ಹೆಂಡತಿ ಹೊಸ ಗಡಿಗೆಯಲ್ಲಿ ಗಂಜಿ ಮಾಡಿ, ಮಾವಿನಕಾಯಿಯ ಉಪ್ಪಿನಕಾಯಿ ಹಾಕಿದಳು.

ಮಂಗಳವಾರ ಬೆಳಿಗ್ಗೆ ದೋಣಿಯ ಬಳಿಗೆ ಹೋದಾಗ ಬಲೆ ಒಣಗಿಸುತ್ತಿದ್ದ ಮುದುಕನೊಬ್ಬ ಕೂಗಿದ: "ತುಕಾರಾಮ, ಮಿಸ್ತ್ರಿ ಬಾ ಅಂದರೆ ಮಿಸ್ತ್ರಿಯ ಮನೆಯೇ ಬಂತಲ್ಲೋ!"

ನಾನು ತಲೆ ಎತ್ತದೆ ಪೆಟ್ಟಿಗೆ ತೆರೆದೆ. ಪ್ಲಗ್ಗು ಬಿಚ್ಚಿ ನೋಡಿದೆ. ಕಿಡಿ ನೀಲಿಯಾಗಿ ಹಾರಿತು. ಟಾಕಿಯ ಮುಚ್ಚಳ ತೆಗೆದು ನೋಡಿದೆ. ಪೆಟ್ರೋಲು ಕೊಳವೆಯಿಂದ ಸರಾಗವಾಗಿ ಇಳಿಯಿತು. ಎಲ್ಲಿಯೂ ಕಸವಿಲ್ಲ. ಕಾರವಾರದ ಮೆಕ್ಯಾನಿಕ್ಕನೂ ಮೂರು ಸಲ ಬಂದು ಹೀಗೇ ನೋಡಿ, ಏನೂ ಸಿಗದೆ, ಹುಬ್ಬಳ್ಳಿಯವರನ್ನೇ ಕೇಳಿ ಎಂದು ಹೋಗಿದ್ದನಂತೆ. ಬಿಚ್ಚಿದ ಪ್ಲಗ್ಗನ್ನು ಮತ್ತೆ ಕೂರಿಸಿದೆ. ತಪ್ಪು ಒಳಗೆ ಎಲ್ಲೋ, ನನ್ನ ಗಂಡನ ಕೈ ಆಡಿದ ಜಾಗದಲ್ಲೇ ಇದ್ದರೆ?

ಇವರು ಯಾವಾಗಲೂ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದೆ. "ಹೊಂಟ ಎಷ್ಟು ಹೊತ್ತಿಗೆ ನಿಲ್ತೈತ್ರಿ?"

"ಹತ್ತು ನಿಮಿಷ. ಒಂದಿಷ್ಟು ಬಿಟ್ಟರೆ ಮತ್ತೆ ಹತ್ತುತ್ತದೆ."

'ನಿಂತಲ್ಲೇ ನೋಡಬೇಕು' ಎನ್ನುತ್ತಿದ್ದರು ಇವರು. ಗಿರಣಿಯವರು ಎಂಜಿನ್ನು ಬಿಚ್ಚಿ ಹೊತ್ತು ತಂದರೆ ಬೈದು, ತಾವೇ ಗಿರಣಿಗೆ ನಡೆಯುತ್ತಿದ್ದರು. "ಹೊಳಿ ನಡುವ ಹೋಗೂಣ್ರಿ," ಎಂದೆ. ಉಣಕಲ್ ಕೆರೆಗಿಂತ ದೊಡ್ಡ ನೀರನ್ನು ನಾನು ಅದುವರೆಗೆ ಕಂಡವಳಲ್ಲ. ಅತ್ತೆಯೂ ಸೀರೆ ಎತ್ತಿಕೊಂಡು ಹತ್ತಿದರು.

"ನೀವು ಯಾಕ್ರೀ ಅತ್ತಿ?"

"ನಿನಗ ಈಸಾಕ ಬರೂದಿಲ್ಲ, ನನಗೂ ಬರೂದಿಲ್ಲ. ಮುಳುಗಿದ್ರ ಕೂಡೇ ಮುಳುಗೂಣು."

ನಡುಹೊಳೆಯಲ್ಲಿ ಮೋಟಾರು ಎರಡು ಸಲ ಕೆಮ್ಮಿ ನಿಂತಿತು. ತುಕಾರಾಮ ಎಳೆಯುವ ಹಗ್ಗಕ್ಕೆ ಕೈ ಹಾಕಿದ. "ಮುಟ್ಟಬ್ಯಾಡ್ರಿ!" ಎಂದೆ. ದೋಣಿ ತಾನಾಗಿ ಸಮುದ್ರದ ಕಡೆಗೆ ತಿರುಗತೊಡಗಿತು. ನಾನು ಟಾಕಿಯ ಮುಚ್ಚಳ ತಿರುವಿದೆ. 'ಸುಂಯ್' ಎಂದು ಟಾಕಿ ಗಾಳಿ ಎಳೆದುಕೊಂಡಿತು.

ಎಣ್ಣೆ ಡಬ್ಬಿಗೆ ನಾವು ಎರಡು ತೂತು ಹೊಡೆಯುತ್ತೇವೆ, ಒಂದು ಎಣ್ಣೆ ಬೀಳಲು, ಒಂದು ಗಾಳಿ ಹೋಗಲು. ಈ ಮುಚ್ಚಳದ ನಡುವೆಯೂ ಗಾಳಿಗೆ ಸಣ್ಣ ತೂತಿತ್ತು. ಅದರ ಮೇಲೆ ಗಂಧ, ಕುಂಕುಮ ಕಲ್ಲಿನಂತೆ ಒಣಗಿ ಕೂತಿತ್ತು; ಗಾಳಿ ಹೋಗದೆ ಪೆಟ್ರೋಲು ಇಳಿಯುವುದು ನಿಂತಿತ್ತು.

"ಯಾವಾಗಿನಿಂದ ನಿಲ್ಲಾಕತ್ತೈತ್ರಿ?"

ತುಕಾರಾಮ ಮುಚ್ಚಳವನ್ನೇ ನೋಡುತ್ತಿದ್ದ. "ಆಯುಧ ಪೂಜೆಯ ಮರುದಿನದಿಂದ. ನಮ್ಮವಳು ಹಚ್ಚಿದ್ದು. ಮೆಕ್ಯಾನಿಕ್ಕನೂ ಕಂಡಿದ್ದ. ಪೂಜೆಯ ಕುಂಕುಮ ಒರೆಸುವುದು ಹೇಗೆ, ಬಾಯಿ?"

ದಂಡೆಯಲ್ಲಿ ಪ್ರತಿಸಲವೂ ಮೆಕ್ಯಾನಿಕ್ಕ ಮುಚ್ಚಳ ತೆಗೆದೇ ನೋಡಿದ್ದ. ಗಾಳಿ ಸಿಕ್ಕು ಎಲ್ಲ ಸರಿಯಾಗಿ ಕಂಡಿತ್ತು. ನಾನೂ ಹಾಗೇ ಮಾಡಿದ್ದೆ. ಈಗ ನನ್ನ ಕೈಯೂ ಹಿಂದೆಗೆಯಿತು. ಎರಡು ತಿಂಗಳಿಂದ ನಾನು ಕುಂಕುಮ ಮುಟ್ಟಿರಲಿಲ್ಲ. ಅತ್ತೆ ಕುಪ್ಪಸದ ಪಿನ್ನು ಬಿಚ್ಚಿ ನನ್ನ ಕೈಗಿಟ್ಟರು.

"ತಗೀ. ದೇವರು ಸಿಟ್ಟಾದ್ರ ನನ್ನ ಹೆಸರು ಹೇಳು. ಅವಂಗೂ ನನಗೂ ಹಳೇ ಜಗಳ ಐತಿ."

ಚುಚ್ಚಿ ಚುಚ್ಚಿ ತೆಗೆದೆ. ಬೆರಳ ತುದಿ ಕೆಂಪಾಯಿತು. ತುಕಾರಾಮ ಹಗ್ಗ ಎಳೆದ. ಆಚೆ ದಂಡೆಗೆ ಹೋಗಿ ಬಂದೆವು, ಮತ್ತೊಮ್ಮೆ ಹೋಗಿ ಬಂದೆವು. ಮೋಟಾರು ನಿಲ್ಲಲಿಲ್ಲ. ಒಳಗೆ ಇವರು ಬಿಗಿದ ಒಂದು ಸ್ಕ್ರೂವನ್ನೂ ನಾನು ಮುಟ್ಟಬೇಕಾಗಲಿಲ್ಲ.

ಇಳಿದವರೇ ಅತ್ತೆ ನೇರವಾಗಿ ಬಲೆಯ ಮುದುಕನ ಮುಂದೆ ಹೋಗಿ ನಿಂತರು. "ನನ್ನ ಮಗನ ಕೆಲಸ ಹೆಂಗೈತ್ರಿ?"

ಮುದುಕ ಬಲೆ ಕೆಳಗಿಟ್ಟು ಎದ್ದು ನಿಂತ. "ಪಕ್ಕಾ, ಆಯಿ."

ಬುಧವಾರ ಹೊರಟೆವು. ಹೊರಡುವ ಮೊದಲು ತುಕಾರಾಮನ ಹೆಂಡತಿ ಮೋಟಾರಿಗೆ ಮತ್ತೆ ಕುಂಕುಮ ಹಚ್ಚಿದಳು. ಎಲ್ಲಿ ಹಚ್ಚಲಿ ಎಂದು ನನ್ನನ್ನು ಕೇಳಿದಳು. ಟಾಕಿಯ ಪಕ್ಕವನ್ನು ತೋರಿಸಿದೆ. ಅಂದು ಸಂತೆ. ದೋಣಿ ತುಂಬ ಜನ ಕೂತಿದ್ದರು.

ದಂಡೆಯ ಮೇಲೆ ಗಾಡಿಗೆ ಕಾಯುತ್ತ ಇಬ್ಬರೂ ಮೋಟಾರಿನ ಸದ್ದು ಕೇಳುತ್ತಿದ್ದೆವು. ದೋಣಿ ನಡುಹೊಳೆಗೆ ಬಂದಾಗ ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ಸದ್ದು ಸಣ್ಣದಾಗುತ್ತ ಹೋಯಿತು, ಕಡಿಯಲಿಲ್ಲ. ಗಾಡಿ ಬಂದರೂ ಅತ್ತೆ ಏಳಲಿಲ್ಲ.

"ಇರು," ಎಂದರು. "ಆಚಿ ದಂಡಿ ಮುಟ್ಟಲಿ."

ಮುಟ್ಟಿತು.